ನನ್ನನ್ನು ಯಾರೂ ಎತ್ತತಕ್ಕದ್ದಲ್ಲ

ಮನುಷ್ಯನಿಗೆ ಬರಬಾರದ ಕಷ್ಟ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ಬರೆದ ಅರ್ಜಿ ಮಂಜೂರಾಗುವುದು ಎನ್ನುತ್ತೇನೆ. ನಗಬೇಡಿ. ಕೊಳ್ಳೇಗಾಲದ ಒಂದು ಕಚೇರಿಯ ಎದುರಿಗೆ, ಹೊಂಗೆಮರದ ಕೆಳಗೆ ಕೂತು ಮೂವತ್ತು ವರ್ಷದಿಂದ ಊರವರ ಅರ್ಜಿ ಬರೆಯುತ್ತಿರುವವನು ನಾನು. ಕಚೇರಿಯ ಹೆಸರು ಬೇಡ, ನಾಳೆ ಮತ್ತೆ ಅಲ್ಲೇ ಕೂರಬೇಕಾದವನು. ಪಹಣಿಯಲ್ಲಿ ಹೆಸರು ತಪ್ಪಿದವರು, ಪಿಂಚಣಿ ನಿಂತವರು, ಕಾಗದದಲ್ಲಿ ಸತ್ತುಹೋಗಿ ಸಂತೆಯಲ್ಲಿ ಸೊಪ್ಪು ಮಾರುತ್ತಿರುವವರು, ಎಲ್ಲರೂ ನನ್ನೆದುರು ಬಂದು ಕುಕ್ಕರಗಾಲಲ್ಲಿ ಕೂರುತ್ತಾರೆ. ಈ ಕಸುಬು ಕಲಿಸಿದ ಅಗರದ ನಮ್ಮ ಸೋದರಮಾವ ನನಗೆ ಹೇಳಿಕೊಟ್ಟ ವಿದ್ಯೆ ಒಂದೇ: "ಸೇರು ಬೇಕಾದ್ರೆ ಕೊಳಗ ಕೇಳು ಕಣ್ಲಾ. ಓದೋರು ಯಾರೂ ಇಲ್ಲ. ಅಪ್ಪಿತಪ್ಪಿ ಓದುದ್ರೂ ಅರ್ಧಕ್ಕರ್ಧ ಹೊಡೆದಾಕ್ತಾರೆ." ಹಾಗಾಗಿ ನನ್ನ ಅರ್ಜಿಗಳಲ್ಲಿ ಯಾರಿಗೂ ಸುಮ್ಮನೆ ಕಷ್ಟ ಇರುವುದಿಲ್ಲ, ಸಹಿಸಲಸಾಧ್ಯವಾದ ಕಷ್ಟವೇ ಇರುತ್ತದೆ. ಚರಂಡಿ ಕಟ್ಟಿಕೊಂಡರೂ ಪ್ರಾಣಾಪಾಯ ಎಂದೇ ಬರೆಯುತ್ತೇನೆ. ಇದು ಸುಳ್ಳಲ್ಲ, ನಮ್ಮ ಕಡೆಯ ಪದ್ಧತಿ.

ನನಗೆ ಚಿಕ್ಕಂದಿನಲ್ಲೇ ಪೋಲಿಯೊ ಆಯಿತು. ಎರಡು ಕಾಲೂ ಇವೆ, ಕೆಲಸಕ್ಕೆ ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ಅದಕ್ಕಾಗಿ ಅಳುತ್ತಾ ಕೂತವನು ನಾನಲ್ಲ. ನನ್ನ ತಾಪತ್ರಯ ಕಾಲಿನದಲ್ಲ, ಮೆಟ್ಟಿಲಿನದು. ಮೆಟ್ಟಿಲಿಗಿಂತ ಹೆಚ್ಚಾಗಿ ಮೆಟ್ಟಿಲ ಪಕ್ಕ ನಿಂತಿರುವ ಜನರದು. ನಮ್ಮೂರಿನ ಜನ ಎಷ್ಟು ಒಳ್ಳೆಯವರೆಂದರೆ, ಒಂದು ಗಾಲಿಕುರ್ಚಿ ಒಂದು ಮೆಟ್ಟಿಲಿನ ಹತ್ತಿರಕ್ಕೆ ಬಂತೆಂದರೆ ಸಾಕು, ಎಲ್ಲಿದ್ದರೋ ಏನೋ, ನಾಲ್ಕು ಜನ ಪ್ರತ್ಯಕ್ಷ. "ಇಡ್ಕಳ್ಲಾ ಆ ಕಡೆ! ಕೈ ಕೊಡ್ಲಾ! ಸಾ, ನೀವು ಅಲ್ಲಾಡ್ಬೇಡಿ!" ಎನ್ನುತ್ತಾ ಎತ್ತಿಯೇ ಬಿಡುತ್ತಾರೆ. ನಾನು ಎಲ್ಲಿಗೆ ಹೋಗಬೇಕು ಎಂದು ಕೇಳುವ ಚಾಳಿ ಮಾತ್ರ ಯಾರಿಗೂ ಇಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಾಮೈದನನ್ನು ಕಾಯುತ್ತಾ, ನೆರಳಿದೆಯಲ್ಲಾ ಎಂದು ಒಂದು ಬಸ್ಸಿನ ಮಗ್ಗುಲಲ್ಲಿ ಕುರ್ಚಿ ನಿಲ್ಲಿಸಿಕೊಂಡಿದ್ದೆ. ನಾಲ್ಕು ಜನ ಬಂದರು. ನಾನು "ಅಯ್ಯೋ, ಬೇಡ ಕಣ್ರಪ್ಪ" ಎನ್ನುವಷ್ಟರಲ್ಲಿ ಬಸ್ಸಿನ ಸೀಟಿನ ಮೇಲಿದ್ದೆ, ಕುರ್ಚಿ ಹಿಂದುಗಡೆ ಡಿಕ್ಕಿಯಲ್ಲಿತ್ತು, ಕಂಡಕ್ಟರ್ ಸೀಟಿ ಊದಿಯಾಗಿತ್ತು. ಹನೂರಿನಲ್ಲಿ ಬೇರೆ ನಾಲ್ಕು ಜನ ಅಷ್ಟೇ ಪ್ರೀತಿಯಿಂದ ನನ್ನನ್ನು ಇಳಿಸಿದರು. ಹನೂರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಒಂದು ಕಾಫಿ ಕುಡಿದು ವಾಪಸ್ಸು ಬಂದೆ.

ನಾನು ಕೂರುವ ಮರದ ಎದುರಿನ ಕಚೇರಿಗೂ ಮೂರು ಮೆಟ್ಟಿಲು. ಅಲ್ಲಿಗೊಂದು ಇಳಿಜಾರು ದಾರಿ, ಅದೇ ರ‍್ಯಾಂಪು, ಕಟ್ಟಿಸಿ ಎಂದು ವರ್ಷಕ್ಕೊಂದು ಅರ್ಜಿ ಕೊಡುತ್ತಾ ಬಂದಿದ್ದೇನೆ. ಅರ್ಜಿಯನ್ನು ಒಳಗಿನ ಟಪಾಲು ಟೇಬಲ್ಲಿಗೇ ಕೊಡಬೇಕು. ಒಳಗೆ ಹೋಗಲು ಮೂರು ಮೆಟ್ಟಿಲು ಹತ್ತಬೇಕು. ಅಂದರೆ, ನನ್ನನ್ನು ಎತ್ತುವ ಪರಿಸ್ಥಿತಿ ತಪ್ಪಿಸಿ ಎಂಬ ಅರ್ಜಿಯನ್ನು ಕೊಡಲು ಪ್ರತಿ ವರ್ಷ ನಾಲ್ಕು ಜನರಿಂದ ಎತ್ತಿಸಿಕೊಂಡು ಹೋಗುತ್ತೇನೆ. ಟೇಬಲ್ಲಿನವರು ಸೀಲು ಹಾಕುತ್ತಾ, "ಹೆಂಗೋ ಬಂದ್ರಲ್ಲ ಸಾರ್, ಇನ್ನೇನು ತೊಂದ್ರೆ?" ಎನ್ನುತ್ತಾರೆ.

ಇಂಥ ನನಗೆ ಬದುಕಿನಲ್ಲಿ ಒಂದೇ ಒಂದು ಆಸೆ ಇತ್ತು. ಸಮುದ್ರದ ನೀರು ನನ್ನ ಪಾದಕ್ಕೆ ತಾಗಬೇಕು, ಅದೂ ಯಾರೂ ನನ್ನನ್ನು ಮೂಟೆಯ ಹಾಗೆ ಹೊರದೆ. ಹಿಂದೊಮ್ಮೆ ಹೆಂಡತಿ ರಾಜಮ್ಮಣ್ಣಿಯ ಜೊತೆ ಮಂಗಳೂರಿನ ಕಡೆ ಹೋಗಿದ್ದಾಗ ಕುರ್ಚಿಯ ಗಾಲಿ ಮರಳಿನಲ್ಲಿ ಹೂತು, ಎಳನೀರು ಮಾರುವವನ ಪಕ್ಕ ಕೂತು ಸಮುದ್ರವನ್ನು ನೋಡಿ ಬಂದಿದ್ದೆ. ಸಮುದ್ರಕ್ಕಿಂತ ಎಳನೀರಿನ ಬುರುಡೆಗಳನ್ನೇ ಹೆಚ್ಚು ನೋಡಿದೆ. ಈಚೆಗೆ ಅವಳ ತಮ್ಮ ಮಾದೇವ, ಧನಗೆರೆಯವನು, ಮೊಬೈಲು ಹಿಡಿದುಕೊಂಡು ಓಡಿ ಬಂದ. "ಬಾವ, ಇಲ್ನೋಡಿ! ಸಮುದ್ರದ ಅಡಗು! ಕೊಚ್ಚಿಯಿಂದ ಒಂದು ದ್ವೀಪಕ್ಕೆ ಓಯ್ತದಂತೆ. ಒಳಗೆ ಒಂದ್ ಮೆಟ್ಲಿಲ್ಲ, ಎಲ್ಲಾ ಲಿಫ್ಟು. ದ್ವೀಪದಲ್ಲಿ ಮರಳ ಮ್ಯಾಲೆ ಓಡೋ ದಪ್ಪ ಚಕ್ರದ ಕುರ್ಚಿ ಮಡಗವ್ರಂತೆ, ಸೀದಾ ನೀರ‍್ಗೇ ಇಳೀತದಂತೆ!" ಮಾದೇವನ ಹೆಂಡತಿ ಬರಲಾಗಲಿಲ್ಲ. ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಕೊನೆಯ ಸಲ ಪೊರೆ ಬಿಡಲು, ಕೂತಿದ್ದವು, ಅವನ್ನು ಬಿಟ್ಟು ಸಮುದ್ರಕ್ಕಲ್ಲ, ಸ್ವರ್ಗಕ್ಕೂ ಅವಳು ಬರುವವಳಲ್ಲ. ನಾವು ಮೂವರು ಹೊರಟೆವು.

ಹೊರಡುವ ಮೊದಲು ಹಡಗಿನ ಕಂಪನಿಯವರು ಒಂದು ಫಾರಂ ಕಳಿಸಿದ್ದರು. 'ನಿಮಗೆ ವಿಶೇಷ ಸೂಚನೆ ಏನಾದರೂ ಇದೆಯೇ?' ಎಂದು ಎರಡು ಗೆರೆ ಜಾಗ. ಮೂವತ್ತು ವರ್ಷ ಅರ್ಜಿ ಬರೆದ ಕೈಗೆ ಎರಡು ಗೆರೆ ಎಲ್ಲಿ ಸಾಕು? ನಾಲ್ಕು ಪುಟ ಲಗತ್ತಿಸಿದೆ. "ಮಾನ್ಯರೇ, ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರುಮಾಡಿ, ಹನೂರಿನ ಬಸ್ಸಿನ ಪ್ರಸಂಗವನ್ನೂ ಸೇರಿಸಿ, ಕೊನೆಗೆ ಕೆಂಪು ಶಾಯಿಯಲ್ಲಿ ಹೀಗೆ ಬರೆದೆ: "ಯಾವುದೇ ಕಾಲದಲ್ಲಿ, ಯಾವುದೇ ಸ್ಥಳದಲ್ಲಿ, ಯಾವುದೇ ಕಾರಣಕ್ಕೂ ನನ್ನನ್ನು ಯಾರೂ ಎತ್ತತಕ್ಕದ್ದಲ್ಲ. ತಪ್ಪಿದಲ್ಲಿ ಮುಂದಾಗುವ ಪರಿಣಾಮಗಳಿಗೆ ತಾವೇ ಹೊಣೆ." ರಾಜಮ್ಮಣ್ಣಿ ಓದಿ, "ಇದ್ಯಾಕ್ರೀ ಇಂಗ್ ಬರ‍್ದಿದ್ದೀರಿ? ಸ್ವಲ್ಪ ನೋಡ್ಕಂಡು ಎತ್ತಿ ಅಂತ ಬರುದ್ರೆ ಸಾಲ್ದಾ?" ಎಂದಳು. ನಾನು ಸೋದರಮಾವನ ಸೇರು ಕೊಳಗದ ಸೂತ್ರ ವಿವರಿಸಿದೆ. ಮೈಸೂರಿನ ಟ್ರಾವೆಲ್ಸಿನ ಹುಡುಗಿ ನಾಲ್ಕೂ ಪುಟವನ್ನು ಇಂಗ್ಲಿಷಿಗೆ ಮಾಡಿ ಕಳಿಸಿದಳು.

ಹಡಗಿನ ಬಗ್ಗೆ ನಾನು ಏನು ಹೇಳಲಿ! ಹೊಸ್ತಿಲೇ ಇಲ್ಲದ ಬಾಗಿಲುಗಳು, ಎತ್ತ ನೋಡಿದರೂ ಇಳಿಜಾರು, ನನ್ನ ಕುರ್ಚಿ ಆರಾಮಾಗಿ ತಿರುಗುವಷ್ಟು ದೊಡ್ಡ ಬಚ್ಚಲು. ಮೊದಲ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಏಳು ಸಲ ಮೇಲೆ ಕೆಳಗೆ ಹೋಗಿ ಬಂದೆ, ಏನೂ ಕೆಲಸವಿಲ್ಲದೆ. ಒಬ್ಬನೇ ಹೋಗಿ ಒಬ್ಬನೇ ಬಂದೆ. ಯಾರೂ ಓಡಿ ಬರಲಿಲ್ಲ, ಯಾರೂ "ಅಲ್ಲಾಡ್ಬೇಡಿ" ಎನ್ನಲಿಲ್ಲ. ಐವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ, ನನ್ನ ಇಷ್ಟದಿಂದಲೇ, ನಾನು ಎಲ್ಲಿದ್ದೇನೆ ಎಂದು ಹೆಂಡತಿಗೆ ಗೊತ್ತಿಲ್ಲದ ಹಾಗೆ ಓಡಾಡಿದ್ದೆ. ಆ ಸುಖವೇ ಬೇರೆ.

ಮಾರನೆಯ ದಿನ ದ್ವೀಪ ಬಂತು. ಬಂತು ಎಂದರೆ ದೂರದಲ್ಲಿ ಬಂತು. ಅಲ್ಲಿ ನೀರು ಆಳವಿಲ್ಲವಂತೆ, ಇಷ್ಟು ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲವಂತೆ. ಹಡಗಿನ ಹೊಟ್ಟೆಯಲ್ಲೊಂದು ಬಾಗಿಲು ತೆರೆದು, ಸಣ್ಣ ದೋಣಿಗೆ ಜನರನ್ನು ಹತ್ತಿಸಿ ದಡಕ್ಕೆ ಬಿಡುತ್ತಾರೆ. ಇದನ್ನು ಜಾಹೀರಾತಿನಲ್ಲಿ ಎಲ್ಲಿ ಬರೆದಿದ್ದರೋ, ಮಾದೇವನಿಗಂತೂ ಕಂಡಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಕಾವೇರಿಯನ್ನು ತೆಪ್ಪದಲ್ಲಿ ದಾಟಿದವನೇ. ತೆಪ್ಪದವನು ನನ್ನನ್ನು ಮೇಕೆಮರಿಗಳ ಜೊತೆಗೆ ಎತ್ತಿ ಒಳಗಿಟ್ಟು, ಆಚೆ ದಡದಲ್ಲಿ ಮೇಕೆಮರಿಗಳ ಜೊತೆಗೇ ಎತ್ತಿ ಇಳಿಸಿದ್ದ. ಇಲ್ಲಿ ಹಾಗಿರಲಿಲ್ಲ. ಬಾಗಿಲಿನಿಂದ ದೋಣಿಗೆ ಎರಡು ಮೆಟ್ಟಿಲು, ನಡುವೆ ಒಂದು ಗೇಣು ಸಮುದ್ರ. ದೋಣಿ ಅಲೆಗೆ ಒಂದಾಳು ಎತ್ತರ ಏರುತ್ತಿತ್ತು, ಇಳಿಯುತ್ತಿತ್ತು.

ಬಾಗಿಲಲ್ಲಿ ಬಿಳಿ ಬಟ್ಟೆಯ ಅಧಿಕಾರಿಯೊಬ್ಬ ಫೈಲು ಹಿಡಿದು ನಿಂತಿದ್ದ. ಅವನ ಪಕ್ಕ ನಾಲ್ಕು ಜನ ದಾಂಡಿಗರು, ಅವರ ಮುಂದೆ ಹಿಡಿಕೆಗಳಿದ್ದ ಒಂದು ಕುರ್ಚಿ. ನನ್ನಂಥವರನ್ನು ದೋಣಿಗೆ ದಾಟಿಸಲೆಂದೇ ತರಬೇತಾದವರು. ಅವರಲ್ಲೊಬ್ಬ ತೂತ್ತುಕುಡಿಯವನು. ನಮ್ಮ ಕೊಳ್ಳೇಗಾಲದವರಿಗೆ ತಮಿಳೇನು ಹೊಸದೇ? ನಾವು ಕೂಡಲೇ ನೆಂಟರಾದೆವು. ನನ್ನ ತೋಳುಗಳಲ್ಲಿ ಬಲವಿದೆ, ಅವರು ಹೇಳಿದಂತೆ ನಾನೇ ಗಾಲಿಕುರ್ಚಿಯಿಂದ ಪಕ್ಕದ ಬೆಂಚಿಗೆ ಜರುಗಿದೆ. ಗಾಲಿಕುರ್ಚಿ ಸಾಮಾನಿನ ಲೆಕ್ಕ, ಅದು ಮೊದಲು ದೋಣಿಗೆ ಹೋಯಿತು. ಅದನ್ನು ಹಿಡಿದುಕೊಳ್ಳಲು ರಾಜಮ್ಮಣ್ಣಿ ಹೋದಳು. ನನ್ನನ್ನು ಬರಮಾಡಿಕೊಳ್ಳಲು ಮಾದೇವ ಹೋದ. ಆಗ ತೂತ್ತುಕುಡಿಯವನು ನನ್ನ ಮುಂದೆ ಬಗ್ಗಿ, ಮೆಲ್ಲಗೆ, "ಎತ್ತಬಹುದಾ ಅಣ್ಣಾ?" ಎಂದು ತಮಿಳಿನಲ್ಲಿ ಕೇಳಿದ.

ಕೇಳಿದ! ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಎತ್ತುವ ಮುಂಚೆ ನನ್ನನ್ನು ಕೇಳಿದ. ಐವತ್ತು ವರ್ಷದಿಂದ ಯಾರಾದರೂ ಕೇಳಲಿ ಎಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು, ನಾನು ಯೋಚಿಸುವ ಮೊದಲೇ ಹೊರಬಿತ್ತು. "ಬೇಡ!" ಎಂದೆ.

ಅಧಿಕಾರಿ ತಲೆಯಾಡಿಸಿ ಫೈಲು ತೆರೆದ. ಒಳಗೆ ನನ್ನ ಅರ್ಜಿ! ನಾಲ್ಕೂ ಪುಟ, ಪಂಚ್ ಮಾಡಿ, ದಾರ ಕಟ್ಟಿ, ಪ್ರತಿ ಪುಟಕ್ಕೂ ಸಹಿ, ಕೊನೆಯಲ್ಲಿ ದೊಡ್ಡದಾಗಿ 'ಒಪ್ಪಲಾಗಿದೆ' ಎಂಬ ಮೊಹರು. ನಿಜ ಹೇಳುತ್ತೇನೆ, ಒಂದು ಕ್ಷಣ ನನ್ನ ಎದೆ ಉಬ್ಬಿತು. ಊರಿನಲ್ಲಿ ಒಂದು ಅರ್ಜಿಗೂ ಇಂಥ ಮರ್ಯಾದೆ ಕಂಡವನಲ್ಲ. ಆಮೇಲೆ ಗೊತ್ತಾಯಿತು. "ತಮ್ಮ ಲಿಖಿತ ಸೂಚನೆಯಂತೆ ನಮ್ಮವರು ತಮ್ಮನ್ನು ಮುಟ್ಟುವುದಿಲ್ಲ. ತಾವೇ ಎರಡು ಮೆಟ್ಟಿಲು ಇಳಿದು ದಾಟಿದರೆ ಸಂತೋಷ" ಎಂದು ಅಧಿಕಾರಿ ಹೇಳಿದ್ದನ್ನು ತೂತ್ತುಕುಡಿಯವನು ತಲೆ ತಗ್ಗಿಸಿಕೊಂಡು ನನಗೆ ತಿಳಿಸಿದ. ನಾಲ್ಕು ಜನ ದಾಂಡಿಗರೂ ಕೈ ಹಿಂದೆ ಕಟ್ಟಿಕೊಂಡು ನಿಂತರು. ದೋಣಿಯಿಂದ ಮಾದೇವ, "ನಾನ್ ಎತ್ಕತೀನಿ ಬುಡಿ ಸಾ! ನಮ್ ಬಾವ! ಮೂಟೆ ಗೊಬ್ಬರ ಎತ್ತೋನು ನಾನು!" ಎಂದು ಕೂಗಿದ. ಅಧಿಕಾರಿ ಇಂಗ್ಲಿಷ್ ಪ್ರತಿಯಲ್ಲಿ 'ಯಾರೂ' ಎಂಬ ಪದವಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದ.

ಅಯ್ಯೋ ಶಿವನೇ, ಅರ್ಜಿ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೆ. ಧಾರಾಳವಾಗಿ ಎಂದರು. ಆದರೆ ಅದನ್ನೂ ಬರೆದು, ಐದನೇ ಅಂತಸ್ತಿನ ಕೌಂಟರಿನಲ್ಲಿ ಖುದ್ದಾಗಿ ಕೊಡಬೇಕು. ಬರೆಯುವುದೇನು ಮಹಾ? ಜೇಬಿನ ಪೆನ್ನು ತೆಗೆದು ತೊಡೆಯ ಮೇಲೇ ಬರೆದು ಮುಗಿಸಿದೆ. ಕೊಡಲು ಹೋಗುವುದು ಹೇಗೆ? ಕುರ್ಚಿ ದೋಣಿಯಲ್ಲಿದೆ. ಯಾರಾದರೂ ಎತ್ತಿಕೊಂಡು ಹೋಗಬೇಕು. ಎತ್ತಬೇಕಾದರೆ ಅರ್ಜಿ ಮೊದಲು ಕೌಂಟರಿಗೆ ಮುಟ್ಟಬೇಕು. ಮೂರು ಮೆಟ್ಟಿಲಿನ ನಮ್ಮ ಕಚೇರಿ ನನ್ನ ಹಿಂದೆಯೇ ಸಮುದ್ರದ ನಡುವೆ ಬಂದುಬಿಟ್ಟಿತ್ತು. ಹಡಗಿನ ಬೇರೊಂದು ಗಾಲಿಕುರ್ಚಿ ತರಲು ಒಬ್ಬ ಓಡಿದ. ಅಷ್ಟರಲ್ಲಿ ಅಲೆ ಜಾಸ್ತಿಯಾಯಿತು, ಇದೇ ಕೊನೆಯ ದೋಣಿ ಎಂದು ಹಗ್ಗ ಬಿಚ್ಚಿದರು. ನನ್ನ ಹೆಂಡತಿ, ನನ್ನ ಬಾಮೈದ, ನನ್ನ ಗಾಲಿಕುರ್ಚಿ, ಮೂವರೂ ನನ್ನನ್ನೇ ನೋಡುತ್ತಾ ದ್ವೀಪಕ್ಕೆ ಹೋದರು.

ಬದಲಿ ಕುರ್ಚಿಯಲ್ಲಿ ಮೇಲಂತಸ್ತಿಗೆ ಹೋಗಿ, ಪಕ್ಕದ ಪ್ರಯಾಣಿಕರ ದುರ್ಬೀನು ಬೇಡಿ ನೋಡಿದೆ. ದಡದಲ್ಲಿ ದಪ್ಪ ಚಕ್ರದ ಕುರ್ಚಿ ಹಿಡಿದುಕೊಂಡು ಒಬ್ಬ ನಿಂತಿದ್ದ. ಅವನಿಗೆ ಒಬ್ಬರನ್ನು ಕೂರಿಸಿ ನೀರಿಗೆ ಇಳಿಸಿ ಎಂದು ಆಜ್ಞೆಯಾಗಿತ್ತು. ಆ ಒಬ್ಬರು ಬರಲಿಲ್ಲ. ಅವನಾದರೂ ಏನು ಮಾಡಿಯಾನು? ಮಾದೇವನನ್ನು ಕೂರಿಸಿ ಇಳಿಸಿದ. ಗದ್ದೆಯ ಬದುವಿನ ಮೇಲೆ ಹಸುವನ್ನು ಅಟ್ಟಿಸಿಕೊಂಡು ಓಡುವ ನನ್ನ ಬಾಮೈದ ಮಹಾರಾಜನ ಹಾಗೆ ಕೂತು ಅಲೆಯ ಮೇಲೆ ತೇಲುತ್ತಿದ್ದ. ನನ್ನ ಗಾಲಿಕುರ್ಚಿ ದಡದ ಗಟ್ಟಿ ಮರಳಿನಲ್ಲಿ ಒಂಟಿಯಾಗಿ ನಿಂತು ಗಾಲಿ ನೆನೆಸಿಕೊಳ್ಳುತ್ತಿತ್ತು. ರಾಜಮ್ಮಣ್ಣಿ ಅದರ ಹಿಡಿಕೆ ಬಿಡದೆ, ನೀರಿಗೆ ಬೆನ್ನು ಮಾಡಿ, ಹಡಗಿನ ಕಡೆಯೇ ನೋಡುತ್ತಾ ನಿಂತಿದ್ದಳು. ನನಗೆ ನಗು ಬಂತು. ಆಮೇಲೆ ದುರ್ಬೀನು ಮಂಜಾಯಿತು. ಒರೆಸಿದರೂ ಹೋಗಲಿಲ್ಲ.

ಸಂಜೆ ಅವರು ವಾಪಸ್ಸು ಬಂದಾಗ ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಮಾದೇವ ಹೆಗಲಿನ ಚೀಲದಿಂದ ಒಂದು ಸ್ಟೀಲ್ ಡಬ್ಬ ತೆಗೆದ. ರಾಜಮ್ಮಣ್ಣಿ ಮನೆಯಿಂದ ಚಕ್ಕುಲಿ ತುಂಬಿಕೊಂಡು ತಂದಿದ್ದ ಡಬ್ಬ. ದ್ವೀಪದಲ್ಲಿ ಕಂಡಕಂಡವರಿಗೆ ಚಕ್ಕುಲಿ ಹಂಚಿ ಖಾಲಿ ಮಾಡಿದ್ದನಂತೆ. ಮುಚ್ಚಳ ತೆಗೆದರೆ ಒಳಗೆ ನೀರು, ತಳದಲ್ಲೊಂದು ಹಿಡಿ ಮರಳು.

"ಬಾವ, ನಿಮ್ಮನ್ನ ಎತ್ತಬ್ಯಾಡಿ ಅಂತ ಬರ‍್ದಿದ್ರಿ, ಸರಿ. ಸಮುದ್ರವ ಎತ್ತಬ್ಯಾಡಿ ಅಂತ ಬರ‍್ದಿರ‍್ನಿಲ್ವಲ್ಲ?" ಎಂದ.

ರಾಜಮ್ಮಣ್ಣಿ ನನ್ನ ಎರಡು ಪಾದವನ್ನೂ ಒಂದು ಬೋಗುಣಿಯಲ್ಲಿ ಇಟ್ಟು ಮೆಲ್ಲಗೆ ಸುರಿದಳು. ಪೋಲಿಯೊ ಕಾಲಿನ ಶಕ್ತಿ ಒಯ್ದಿದೆ, ಸ್ಪರ್ಶ ಒಯ್ದಿಲ್ಲ. ನೀರು ಉಗುರುಬೆಚ್ಚಗಿತ್ತು, ಮರಳು ಬೆರಳುಸಂದಿಗೆ ಇಳಿಯಿತು, ಸಮುದ್ರಕ್ಕೆ ಸ್ವಲ್ಪ ಜೀರಿಗೆಯ ವಾಸನೆ ಇತ್ತು. ಯಾರೂ ನನ್ನನ್ನು ಎತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. "ನೋಡುದ್ರಾ, ಸೇರು ಕೇಳಿದ್ರೆ ಸಮುದ್ರ ಪೂರ್ತಿ ಸಿಕ್ತಿತ್ತು" ಎಂದು ರಾಜಮ್ಮಣ್ಣಿ ಬೈದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಊರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಈ ವರ್ಷದ ರ‍್ಯಾಂಪಿನ ಅರ್ಜಿ. ಈ ಸಲ ಕೊಳಗ ಕೇಳಲಿಲ್ಲ, ಲೆಕ್ಕ ಹಾಕಿ ಸೇರನ್ನೇ ಕೇಳಿದೆ: "ಇಳಿಜಾರು ದಾರಿಯನ್ನು ಕಟ್ಟಿಸಿಕೊಡತಕ್ಕದ್ದು. ಅದು ಆಗುವವರೆಗೆ ನನ್ನನ್ನು ಎತ್ತಬಹುದು. ಆದರೆ ಎತ್ತುವ ಮುನ್ನ ಕೇಳತಕ್ಕದ್ದು." ಕಾಗದ ಮಡಿಸಿಕೊಂಡು ಕಚೇರಿಯ ಮೆಟ್ಟಿಲ ಬಳಿ ಹೋದೆ. ಎಲ್ಲಿದ್ದರೋ ಏನೋ, ನಾಲ್ಕು ಜನ ಬಂದರು. ಅವರಿಗೆ ಅರ್ಜಿಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದೆ. ನಾಲ್ವರೂ ಭಕ್ತಿಯಿಂದ ಕೇಳಿ, "ನ್ಯಾಯವಾದ್ ಮಾತು ಸಾ, ಕೇಳ್ದೆ ಎತ್ತಬಾರ‍್ದು" ಎಂದು ಒಪ್ಪಿದರು. ಒಬ್ಬ ಬಗ್ಗಿ, "ಎತ್ಬೋದಾ ಸಾ?" ಎಂದು ಕೇಳಿಯೂ ಕೇಳಿದ.

"ಎತ್ರಪ್ಪಾ" ಎಂದೆ, ತುಂಬು ಮನಸ್ಸಿನಿಂದ. ನಾನು ಅಷ್ಟು ಹೊತ್ತಿಗಾಗಲೇ ಮೂರನೇ ಮೆಟ್ಟಿಲು ದಾಟಿ ಟಪಾಲು ಟೇಬಲ್ಲಿನ ಮುಂದಿದ್ದೆ.