ಎಂಟನೆಯ ಪೆಟ್ಟು

ನನ್ನ ಕೈ ದಾಟಿ ಒಂದೇ ಒಂದು ತಪ್ಪೂ ಲೋಕಕ್ಕೆ ಹೋಗಕೂಡದು! ಆ ಸೋಮವಾರ ನಾನು ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ. ಕಾರಣವಿತ್ತು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಮನೆಯ ಕಂಪ್ಯೂಟರಿನಲ್ಲಿ ಸೀಡಿ ಮಾಡಿಕೊಡುವ ನನ್ನ ಹೆಸರು ಇದುವರೆಗೆ ಅಚ್ಚಾದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ಈಗ ಮೇಲಿನ ಮನೆಯ ಕೇದಾರಣ್ಣ ಹೇಳಿದ್ದ: "ಮಜರ, ನಮ್ಮ ಆಲ್ಬಮ್ಮಿನ ಸೀಡಿ ಮಾಡಿಕೊಡು. ಕವರ್ ಮ್ಯಾಲೆ ನಿನ್ನ ಹೆಸರು ಹಾಕಸ್ತೀನಿ. ಒಂದೂ ತಪ್ಪು ಇರಬಾರದು ನೋಡಪಾ!"

ಧಾರವಾಡದ ಕೇದಾರಣ್ಣ ವಾರವೆಲ್ಲ ನಾವಿರುವ ಕೊರ್ಲಿಮ್ ಊರಿನ ಕಾರ್ಖಾನೆಯಲ್ಲಿ ಎಂಜಿನಿಯರ್, ಭಾನುವಾರ ಪ್ರೊಗ್ರೆಸಿವ್ ರಾಕ್ ಎಂಬ ಉದ್ದುದ್ದ ಹಾಡುಗಳ ಬ್ಯಾಂಡಿನ ಕಲಾವಿದ. ಆಲ್ಬಮ್ ಎಂದರೆ ಒಂದೇ ಹಾಡು, ಇಪ್ಪತ್ತೆರಡು ನಿಮಿಷ. ಹಾಡುಗಾರ ಬಾಯಿ ತೆರೆಯುವುದು ಹದಿನಾಲ್ಕನೆಯ ನಿಮಿಷಕ್ಕೆ. ಪಾಪ, ಅವನಿಗೂ ನನ್ನಂತೆಯೇ ಸಂಕೋಚ ಎಂದುಕೊಂಡೆ!

ಹೆಡ್‌ಫೋನ್ ಹಾಕಿ ಕೇಳಿದೆ. ಅಯ್ಯೋ! ಹಿಂದೆ ಯಾರೋ ಹಪ್ಪಳ ಕರಿಯುವಂತೆ ಚರಚರ. ಆರ್ಗನ್ನಿಗೆ ಉಬ್ಬಸ. ತಾಳವಂತೂ ಕೇಳಲೇಬೇಡಿ! ಬೆರಳು ಮಡಿಸಿ ಎಣಿಸಿದೆ. ಪ್ರತಿ ಸಲವೂ ಏಳಕ್ಕೇ ಮುಗಿಯುತ್ತಿತ್ತು. ಎಂಟನೆಯ ಪೆಟ್ಟನ್ನು ಡ್ರಮ್ಮಿನವನು ಮರೆತೇಬಿಟ್ಟಿದ್ದ! ದೊಡ್ಡವರಿಗೆ ತಪ್ಪು ತೋರಿಸಲು ನನಗೆ ನಾಚಿಕೆ. ಸದ್ದಿಲ್ಲದೆ ತಿದ್ದುವುದೇ ಮರ್ಯಾದೆಯಲ್ಲವೇ?

ಐದು ದಿನ ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ಚರಚರವನ್ನೆಲ್ಲ ಒರೆಸಿ ತೆಗೆದೆ. ಎಂಟನೆಯ ಪೆಟ್ಟಿಗೆ ಡ್ರಮ್ ಎಲ್ಲಿಂದ ತರಲಿ? ಕಾರ್ಖಾನೆಯವರಿಗೆ ಜೋಳದ ರೊಟ್ಟಿ ಮಾಡಿಕೊಡುವ ನನ್ನ ಅವ್ವ ಜೈತುನಬಿ ಇದ್ದಳಲ್ಲ! ಅವಳು ರೊಟ್ಟಿ ಬಡಿಯುವಲ್ಲಿಗೆ ಮೊಬೈಲ್ ಹಿಡಿದೆ.

"ಏನ್ ಮಾಡಾಕತ್ತೀಯೋ?"

"ಬಡಿ ಅವ್ವಾ, ಸಂಗೀತಕ್ಕ ಬೇಕು."

"ಸಂಗೀತಕ್ಕ? ನಿನ್ನ ಬೆನ್ನ ಮ್ಯಾಲೆ ಬಡದ್ರ ಇನ್ನೂ ಚಲೋ ಬರತೈತಿ. ಸರಿ ಅತ್ತಾಗ!"

ಆ ಒಂದು 'ಧಪ್' ಅನ್ನು ಮುನ್ನೂರ ಎಪ್ಪತ್ತೇಳು ಕಡೆ ಅಂಟಿಸಿದೆ. ಎರಡು ಸಲ ಎಣಿಸಿ ಖಚಿತಪಡಿಸಿಕೊಂಡೆ. ಹಾಡು ಇಪ್ಪತ್ತೈದು ನಿಮಿಷಕ್ಕೆ ಬೆಳೆಯಿತು!

ಭಾನುವಾರ ಮಧ್ಯಾಹ್ನ ಕೇದಾರಣ್ಣನ ಮನೆಯಲ್ಲೇ ಬಿಡುಗಡೆ. ಕವರ್ ಇನ್ನೂ ಅಚ್ಚಾಗಿರಲಿಲ್ಲ, ನಾನು ಸೀಡಿ ಕೊಟ್ಟದ್ದೂ ಆಗಲೇ. ನಲವತ್ತು ಜನ. ಅವನು ಎದ್ದು ನಿಂತು ಭಾಷಣ ಶುರುಮಾಡಿದ: "ಐವತ್ತು ವರ್ಷದ ಹಿಂದಿನ ಸದ್ದು ಬರಬೇಕಂತ ಎರಡು ವರ್ಷ ಒದ್ದಾಡೇವ್ರಿ! ಹಳೇ ಟೇಪಿನ ಚರಚರ ಸುದ್ದಾ ಬೇಕಂತನ ಹಾಕೇವಿ. ಏಳು ಪೆಟ್ಟಿನ ತಾಳ ಅಂದ್ರ ನಮ್ಮ ಜೀವಾ!"

ನಾನು ಮೆಲ್ಲನೆ ಎದ್ದೆ. ಬಾಗಿಲ ಕಡೆ ಜಾರುವಷ್ಟರಲ್ಲಿ ಹಾಡು ಹತ್ತಿಕೊಂಡಿತು. ತೊಳೆದಿಟ್ಟ ಸ್ಟೀಲ್ ತಟ್ಟೆಯಂತೆ ಸ್ವಚ್ಛ! ಐದು, ಆರು, ಏಳು... ಧಪ್!

ಡ್ರಮ್ಮಿನ ದಿನಕರ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಕೇದಾರಣ್ಣ ಕೂಗಿದ: "ಮಜರಾ! ಏನೋ ಇದು ಧಪ್?"

ನಲವತ್ತು ಜೋಡಿ ಕಣ್ಣು ನನ್ನ ಮೇಲೆ! "ಅಣ್ಣಾ... ಅದು... ನಮ್ಮವ್ವನ ರೊಟ್ಟಿ," ಎಂದೆ.

ಅಷ್ಟರಲ್ಲಿ ಅವನ ತಾಯಿ ಗೋದಾಬಾಯಿ ಸೆರಗು ಸಿಕ್ಕಿಸಿ ಎದ್ದೇಬಿಟ್ಟರು. "ಏ ಕೇದಾರ, ಎರಡು ವರ್ಷದಿಂದ ನಿಮ್ಮ ಹಾಡಿಗೆ ಎತ್ತಿದ ಕಾಲು ಎಲ್ಲಿ ಇಡಬೇಕಂತ ತಿಳೀತಿರಲಿಲ್ಲ. ಇವತ್ತ ಜಾಗಾ ಸಿಕ್ತು ನೋಡು!" ಅವರು ಕುಣಿದರು, ಹಿಂದೆಯೇ ಇಡೀ ಮನೆ ಕುಣಿಯಿತು. ಕೇದಾರಣ್ಣ ನಕ್ಕು ನಕ್ಕು ನೆಲಕ್ಕೇ ಕುಳಿತ.

ಕೊನೆಗೆ ಸೀಡಿಯಲ್ಲಿ ಅವರ ಚರಚರದ ಹಾಡೂ ಉಳಿಯಿತು, ಹಿಂದೆಯೇ ರೊಟ್ಟಿ ಹಾಡೂ ಸೇರಿತು. ಕವರ್ ಅಚ್ಚಾಗಿ ಬಂದಾಗ ಅವಸರದಲ್ಲಿ ತೆರೆದೆ. ದಪ್ಪ ಅಕ್ಷರದಲ್ಲಿತ್ತು: 'ವಿಶೇಷ ತಾಳವಾದ್ಯ: ಶ್ರೀಮತಿ ಜೈತುನಬಿ.'

"ಅಣ್ಣಾ, ನನ್ನ ಹೆಸರು?"

"ಅದ ಅಲ್ಲೋ, ಕೆಳಗ ನೋಡು."

ನೋಡಿದೆ. ಒಂದೂ ತಪ್ಪಿಲ್ಲದೆ ಅಚ್ಚಾಗಿತ್ತು: 'ಈ ಸೀಡಿಯ ಚರಚರ ಉದ್ದೇಶಪೂರ್ವಕ. ದಯವಿಟ್ಟು ರಿಪೇರಿಗೆ ಮಜರನ ಕೈಗೆ ಕೊಡಬೇಡಿ!'