ಆ್ಯಪುಗಳಿಗೆ ಚಿಗವ್ವ ಇಟ್ಟ ಪರೀಕ್ಷೆ

ನಮ್ಮ ಚಿಗವ್ವ ಚಿಗಪ್ಪನನ್ನು ಮದುವೆಯಾಗಲು ಒಪ್ಪಿಕೊಂಡದ್ದು ಒಂದು ಲೋಟ ಚಹಾ ಆರುವಷ್ಟರಲ್ಲಿ. ಆದರೆ ನೋಟ್ಸ್ ಬರೆದುಕೊಳ್ಳುವ ಒಂದು ಆ್ಯಪನ್ನು ಒಪ್ಪಿಕೊಳ್ಳಲು ಅವಳಿಗೆ ಹತ್ತಿಯ ಒಂದು ಸುಗ್ಗಿ ಪೂರ್ತಿ ಬೇಕಾಯಿತು! ಗಂಡನಿಗಿಂತ ಆ್ಯಪು ಹೆಚ್ಚೇ ಎಂದು ಕೇಳಿದರೆ ಅವಳ ಉತ್ತರ ಸಿದ್ಧವಾಗಿತ್ತು: "ಗಂಡ ಒಂದ ಕಡೆ ಇದ್ದರ ಸಾಕು. ಇದು ಮೂರು ಕಡೆ ಇರಬೇಕಲ್ಲ?"

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಆಂಧ್ರದ ಆದವಾನಿಯಲ್ಲಿ ಚಿಗಪ್ಪನದು ಹತ್ತಿ ವ್ಯಾಪಾರ. ನಾನು ಅದೇ ಊರಿನ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಇರುವುದು, ಉಣ್ಣುವುದು ಚಿಗವ್ವನ ಮನೆಯಲ್ಲಿ. ಅನ್ನದ ಋಣಕ್ಕೆ ಅವಳ ಫೋನು ನೋಡಿಕೊಳ್ಳುವ ಕೆಲಸವೂ ನನ್ನದೇ. ಇಂಥ ಚಿಗವ್ವ, ಇಬ್ಬರು ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನೂ ಆಡಿಸಿ, ಅರವತ್ತರ ಹತ್ತಿರಕ್ಕೆ ಬಂದ ಮೇಲೆ, ಒಂದು ಮಧ್ಯಾಹ್ನ ರೊಟ್ಟಿ ಬಡಿಸುತ್ತಾ ಹೇಳಿದಳು:

"ನಾ ಬಿ.ಎ. ಕಟ್ಟೀನ್ರಿ."

ಚಿಗಪ್ಪನ ಬಾಯಲ್ಲಿ ರೊಟ್ಟಿ ಇತ್ತು. ಸ್ವಲ್ಪ ಕಿವಿ ಮಂದ ಬೇರೆ. "ಯಾವ ಎಮ್ಮಿ? ಎಲ್ಲಿ ಕಟ್ಟೀದಿ?" ಅಂದ.

ನಕ್ಕು ನಕ್ಕು ನನಗೆ ನೆತ್ತಿಗೆ ಹತ್ತಿತು. ಚಿಗವ್ವ ಮಾತ್ರ ನಗಲಿಲ್ಲ. ಅವಳು ಇಂಟರ್‌ಮೀಡಿಯೆಟ್‌ವರೆಗೆ ಓದಿದ್ದೆಲ್ಲ ತೆಲುಗಿನಲ್ಲಿ. ಆಮೇಲೆ ಮದುವೆ. ಈಗ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಅಂಚೆಯ ಮೂಲಕ ಪಾಠ ಪಡೆದು ಕನ್ನಡವನ್ನೇ ಮುಖ್ಯ ವಿಷಯವಾಗಿ ಓದುವವಳು. ಯಾಕೆ ಚಿಗವ್ವ, ಇತಿಹಾಸವೋ ಮತ್ತೊಂದೋ ಸುಲಭವಾಗುತ್ತಿತ್ತಲ್ಲ ಎಂದೆ. "ಹುಟ್ಟಿದಾಗಿಂದ ಮಾತಾಡಾಕತ್ತೀನಿ, ಸಾಲ್ಯಾಗ ಒಂದಿನಾನೂ ಓದಿಲ್ಲ. ನನ್ನ ಮಾತು ನಾ ಓದಬ್ಯಾಡೇನು?" ಎಂದಳು.

ಪಾಠದ ಪುಸ್ತಕಗಳು ಬಂದವು. ಇನ್ನು ಓದಿದರಾಯಿತು ಎಂದು ನಾನಂದುಕೊಂಡೆ. ನಾನು ಚಿಗವ್ವನನ್ನು ಇನ್ನೂ ಅರಿತಿರಲಿಲ್ಲ. ಓದುವುದಕ್ಕೆ ಮೊದಲು ನೋಟ್ಸ್ ಎಲ್ಲಿ ಬರೆಯಬೇಕು ಎನ್ನುವುದು ತೀರ್ಮಾನವಾಗಬೇಕಲ್ಲ? ಅವಳ ಹತ್ತಿರ ಒಂದು ಫೋನು, ಮಗಳು ಹೊಸದು ಕೊಂಡಾಗ ಬಿಟ್ಟುಹೋದ ಒಂದು ಟ್ಯಾಬು, ಅಂಗಡಿಯಲ್ಲಿ ಬಿಲ್ಲು ಹಾಕುವ ಒಂದು ಮುದಿ ಕಂಪ್ಯೂಟರು.

"ಅಡಿಗಿ ಮನ್ಯಾಗ ಫೋನು, ಪಡಸಾಲ್ಯಾಗ ಟ್ಯಾಬು, ಅಂಗಡ್ಯಾಗ ಕಂಪ್ಯೂಟರು. ಇಲ್ಲಿ ಬರದದ್ದು ಅಲ್ಲಿ ಕಾಣಬೇಕು, ಅಲ್ಲಿ ಬರದದ್ದು ಇಲ್ಲಿ ಕಾಣಬೇಕು. ಅಂಥಾ ಆ್ಯಪ್ ಒಂದು ಹುಡುಕು ನಮ್ಮವ್ವಾ."

ನಾನು ತಜ್ಞೆಯ ಗತ್ತಿನಲ್ಲಿ ಒಂದು ಹಾಕಿಕೊಟ್ಟೆ. ತೆರೆದ ಕೂಡಲೇ ಅದು "ನಿಮ್ಮ ಮನಸ್ಸಿನಲ್ಲಿ ಏನಿದೆ?" ಎಂದು ಕೇಳಿತು. ಚಿಗವ್ವ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದಳು. "ಅಬ್ಬೋ! ನಾನು ಕನ್ನಡ ಓದಾಕ ಬಂದಾಕಿ. ನನ್ನ ಮನಸಿನಾಗ ಏನೈತಂತ ಇದಕ್ಯಾಕ ಬೇಕು? ತಗಿ, ತಗಿ!" ಮೊದಲ ಅಭ್ಯರ್ಥಿ ಬಾಗಿಲಲ್ಲೇ ನಪಾಸು.

ಎರಡನೆಯದು ಟ್ಯಾಬಿನ ಗಾಜಿನ ಮೇಲೆ ಪೆನ್ನಿನಿಂದ ಬರೆದರೆ ಅದನ್ನು ಅಚ್ಚಿನ ಅಕ್ಷರ ಮಾಡಿಕೊಡುವಂಥದು. ಇಲ್ಲಿ ಒಂದು ತೊಡಕು. ನಮ್ಮ ಕಡೆಯವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಚಿಗವ್ವನ ಕೈಬರಹವೂ ಹಾಗೆಯೇ. ಒಂದೇ ಪದದಲ್ಲಿ ಒಂದಕ್ಷರಕ್ಕೆ ಕನ್ನಡದ ತಲೆಕಟ್ಟು, ಮುಂದಿನದಕ್ಕೆ ತೆಲುಗಿನದು. ಓದಲು ನಮಗೆ ತೊಂದರೆ ಇಲ್ಲ. ಆ ಆ್ಯಪಿಗೆ ಆಯಿತು. ಅದು ನಿಂತು ಕೇಳಿತು: ನಿಮ್ಮದು ಕನ್ನಡವೋ ತೆಲುಗೋ, ಒಂದನ್ನು ಆರಿಸಿ.

"ಇದೇನು ಜನಗಣತಿ ಮಾಡಾಕ ಬಂದೈತೇನು?" ಎಂದು ಚಿಗವ್ವ ಅದನ್ನೂ ಕಳಿಸಿದಳು.

ಆಮೇಲೆ ಬಂದದ್ದು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವಂಥದು. ಇದು ಅವಳಿಗೆ ಬಹಳ ಹಿಡಿಸಿತು. ಅಂಗಡಿಯ ಗಾದಿಯ ಮೇಲೆ ಕೂತು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಫೋನಿಗೆ ಪಾಠ ಹೇಳುವುದೇ ಹೇಳುವುದು! ಸಂಜೆ ನಾನು ತೆರೆದು ನೋಡಿದರೆ, "ಚಂಪೂ ಎಂದರೆ ಗದ್ಯ ಪದ್ಯಗಳು ಬೆರೆತ ಕಾವ್ಯ ಏಯ್ ಆ ಚೀಲ ಒಳಗ ತಗೊಳ್ರಿ ಮಳಿ ಬಂತು ಇದರ ಲಕ್ಷಣಗಳು" ಎಂದಿತ್ತು. ಗದ್ಯ, ಪದ್ಯ, ಹತ್ತಿ ಮೂರೂ ಬೆರೆತ ಹೊಸ ಪ್ರಕಾರ! ಅಷ್ಟಾದರೂ ಚಿಗವ್ವ ಕ್ಷಮಿಸಿದ್ದಳು. ಆದರೆ ಅದು "ಭಾಮಿನಿ ಷಟ್ಪದಿ"ಯನ್ನು "ಭವಾನಿ ಚಟ್ನಿಪುಡಿ" ಎಂದು ಬರೆದುಕೊಂಡ ದಿನ ಅದರ ಋಣ ತೀರಿತು.

ಇನ್ನೊಂದು ಆ್ಯಪು ಎಲ್ಲ ನೋಟ್ಸುಗಳ ನಡುವೆ ಗೆರೆ ಎಳೆದು ಸಂಬಂಧ ತೋರಿಸುತ್ತಿತ್ತು. ನನಗಂತೂ ಅದರ ಮೇಲೆ ಬಲು ಪ್ರೀತಿ. ಚಿಗವ್ವ ಆ ಗೆರೆಗಳನ್ನೆಲ್ಲ ನೋಡಿ, "ಈ ಮೂಲ್ಯಾಗಿನ ಜೇಡರ ಬಲಿ ಹೊಡದು ಎಷ್ಟು ದಿನ ಆತು?" ಎಂದು ಕೇಳಿದಳು.

ಹೀಗೆ ಆ್ಯಪು ಬದಲಾದಾಗಲೆಲ್ಲ ನೋಟ್ಸನ್ನು ಸಾಗಿಸುವ ಕೆಲಸ ಬರುತ್ತಿತ್ತು. ಒಂದು ಗುಂಡಿ ಒತ್ತಿದರೆ ಎಲ್ಲ ಅತ್ತ ಹೋಗುತ್ತದೆ ಎಂದು ನಾನು ಹೇಳಿ, ಒತ್ತಿಯೂ ತೋರಿಸಿದೆ. ಎಲ್ಲ ಹೋಯಿತು, ನಿಜ. ಆದರೆ ಕನ್ನಡದ ಅಕ್ಷರಗಳೆಲ್ಲ ಚೌಕಗಳೂ ಪ್ರಶ್ನೆಚಿಹ್ನೆಗಳೂ ಆಗಿ ಆ ಕಡೆ ಇಳಿದವು. ಚಿಗವ್ವ ಪರದೆಯನ್ನು ದಿಟ್ಟಿಸಿ, "ಪ್ರಶ್ನಿ ಪರೀಕ್ಷ್ಯಾಗ ಕೇಳ್ತಾರ ಬಿಡು, ಇಲ್ಲೂ ಬ್ಯಾಡ" ಎಂದು, ಮೊದಲ ಪಾಠದಿಂದ ತಾನೇ ಮತ್ತೆ ಬೆರಳಲ್ಲಿ ಒತ್ತಿ ಬರೆಯಲು ಕೂತಳು. ಹೊಸ ಆ್ಯಪು ಬಂದರೆ ಮತ್ತೆ ಮೊದಲ ಪಾಠದಿಂದ. ಅದು ನಪಾಸಾದರೆ ಮತ್ತೆ. ನಾನಾಗಿದ್ದರೆ ಬಿ.ಎ.ಯನ್ನೂ ಬಿಟ್ಟು ಫೋನನ್ನೂ ಬಾವಿಗೆ ಹಾಕುತ್ತಿದ್ದೆ! ಅವಳ ಮುಖದಲ್ಲಿ ಬೇಸರದ ಒಂದು ಗೆರೆ ಕಾಣಲಿಲ್ಲ.

ಕಡೆಗೆ ಉಳಿದದ್ದು ಎರಡು. ಒಂದು ಹಳದಿ, ಇನ್ನೊಂದು ಬಿಳಿ. ಇವುಗಳ ಪರೀಕ್ಷೆ ಊರ ಹೊರಗೆ ಆಗಬೇಕೆಂದು ಚಿಗವ್ವ ತೀರ್ಮಾನಿಸಿದಳು. ನನ್ನ ಅವ್ವ ಇರುವುದು ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ. ನಾನೂ ಚಿಗವ್ವನೂ ಟ್ಯಾಬು ಹಿಡಿದು ಬಸ್ಸಿನಲ್ಲಿ ಅಲ್ಲಿಗೆ ಹೊರಡುವುದು. ಚಿಗಪ್ಪ ಅಂಗಡಿಯ ಕಂಪ್ಯೂಟರಿನಲ್ಲಿ ಏನಾದರೂ ಬರೆಯುವುದು. ಅದು ನಮಗೆ ದಾರಿಯಲ್ಲಿ ತಲುಪುತ್ತದೋ ಇಲ್ಲವೋ ನೋಡುವುದು.

"ಏನು ಬರೀಲಿ?" ಎಂದು ಚಿಗಪ್ಪ ಕೇಳಿದ್ದ.

"ಏನರ ಬರೀರಿ. ನಿಮಗ ತೋಚಿದ್ದು."

ಬಸ್ಸು ಎಮ್ಮಿಗನೂರು ದಾಟಿತು. ಚಿಗವ್ವನ ಕಣ್ಣು ಟ್ಯಾಬನ್ನು ಬಿಟ್ಟು ಕದಲಲಿಲ್ಲ. ಪಕ್ಕದ ಸೀಟಿನ ಹೆಂಗಸು ತೆಲುಗಿನಲ್ಲಿ "ಏಮಮ್ಮಾ, ಸೀರಿಯಲ್ಲಾ?" ಎಂದು ಬಗ್ಗಿ ನೋಡಿದಳು. ನಂದವರಂ ನಿಲ್ದಾಣದಲ್ಲಿ ಬಸ್ಸು ನಿಂತಾಗ "ಹಳಗನ್ನಡ ವ್ಯಾಕರಣ" ಎಂಬ ತಲೆಬರಹದ ಕೆಳಗೆ, ಬಿಳಿ ಆ್ಯಪಿನಲ್ಲಿ, ಚಿಗಪ್ಪನಿಗೆ ತೋಚಿದ್ದು ಮೂಡಿತು: "ಸಾರು ಎಲ್ಲಿ ಇಟ್ಟೀದಿ?"

ಚಿಗವ್ವ ಹಿಗ್ಗಿದಳು. ಅದರ ಕೆಳಗೇ ಬರೆದಳು: "ಒಲಿ ಪಕ್ಕ ಐತಿ. ತಾಟು ಮುಚ್ಚೀನಿ." ಬಸ್ಸು ಹೊರಡುವುದರೊಳಗೆ ಉತ್ತರ ಬಂತು: "ಸಿಕ್ತು. ಉಪ್ಪು ಕಮ್ಮಿ."

"ಪಾಸು!" ಎಂದು ಚಿಗವ್ವ ಕೂಗಿದ್ದಕ್ಕೆ ಕಂಡಕ್ಟರು ಅವಳ ಹತ್ತಿರ ಬಸ್ ಪಾಸು ಇದೆ ಎಂದುಕೊಂಡು, ಎಲ್ಲಿ ತೋರಿಸಿ ಎಂದು ಬಂದು ನಿಂತ!

ಹಳದಿ ಆ್ಯಪು ಹೊಳೆಯ ದಂಡೆಯಲ್ಲಿ ಸೋತಿತು. ನಾಗಲದಿನ್ನೆಯಲ್ಲಿ ಸಿಗ್ನಲ್ ಹೋಗಿ ಬಂದ ಮೇಲೆ ಅದು ಒಂದೊಂದು ನೋಟ್ಸನ್ನೂ ಎರಡೆರಡು ಮಾಡಿ ಇಟ್ಟಿತ್ತು. ಬಿಳಿಯದು ಸಿಗ್ನಲ್ ಇಲ್ಲದಿದ್ದರೂ ಸುಮ್ಮನೆ ಬರೆಸಿಕೊಂಡು, ಸಿಕ್ಕ ಕೂಡಲೇ ಊರಿಗೆ ಮುಟ್ಟಿಸಿತು. ಅವ್ವ ತಂಗಿಯ ಕೈಯೊಳಗಿನ ಟ್ಯಾಬು ನೋಡಿ, "ನೀ ನನ್ನ ನೋಡಾಕ ಬಂದೀಯೋ, ಇದನ್ನ ತೋರ್ಸಾಕ ಬಂದೀಯೋ?" ಎಂದು ಮುನಿಸಿಕೊಂಡಳು. ಚಿಗವ್ವ ಅಕ್ಕನನ್ನೂ ಎದುರಿಗೆ ಕೂಡಿಸಿಕೊಂಡು, ಕಂದಪದ್ಯದ ಲಕ್ಷಣ ಓದಿ ಹೇಳಿದಳು. ಅವ್ವ ನಿದ್ದೆ ಹೋದಳು.

ಹಾಗೆ ಬಿಳಿ ಆ್ಯಪು ನಮ್ಮ ಮನೆ ಸೇರಿತು. ವರ್ಷವೆಲ್ಲ ಚಿಗವ್ವ ಅದರಲ್ಲಿ ಬರೆದಳು. ಬಣ್ಣ ಹಚ್ಚಿದಳು, ಅಡಿಗೆರೆ ಎಳೆದಳು. ಪರೀಕ್ಷೆ ಇನ್ನೇನು ಬಂತು ಅನ್ನುವಾಗ, ಒಂದು ಸಂಜೆ ನಾನು ಶಾಲೆಯಿಂದ ಬಂದರೆ, ಅಂಗಡಿಯ ಕಂಪ್ಯೂಟರನ್ನೂ ಮನೆಗೆ ತರಿಸಿ, ಮೂರೂ ಯಂತ್ರಗಳನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದಾಳೆ. ಯಾವ ಪರದೆಯ ಮೇಲೂ ಒಂದು ನೋಟ್ಸೂ ಇಲ್ಲ.

ಆದದ್ದಿಷ್ಟು. ಬಳಗದವರು ಕಳಿಸಿದ ಮದುವೆಯ ವಿಡಿಯೋಗಳಿಂದ ಫೋನು ತುಂಬಿ, ಜಾಗವಿಲ್ಲ ಎಂದಿತ್ತು. ಮದುವೆ ಅಳಿಸಿದರೆ ಅಪಶಕುನವೆಂದು ಚಿಗವ್ವ ನೋಟ್ಸನ್ನು ಅಳಿಸಿದ್ದಳು!

"ಮೂರು ಕಡೆ ಇತ್ತು. ಒಂದು ಕಡೆ ತಗದರ ಎರಡು ಕಡೆ ಉಳೀಬೇಕಲ್ಲ? ಇದ್ಯಾವ ಲೆಕ್ಕ?" ಎಂದಳು ಸಣ್ಣ ದನಿಯಲ್ಲಿ.

ಲೆಕ್ಕ ಅವಳದೇ ಸರಿ. ಆದರೆ ಇಲ್ಲಿ ಬರೆದದ್ದು ಅಲ್ಲಿ ಕಾಣಬೇಕೆಂದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಬೇಕಲ್ಲ! ನಾನು ಧೈರ್ಯ ಹೇಳಿದೆ: "ಇರಲಿ ಚಿಗವ್ವ, ಅಳಿಸಿದ್ದೆಲ್ಲ ಕಸದ ಬುಟ್ಟಿಯೊಳಗ ಇರತೈತಿ."

"ಅದನ್ನೂ ಖಾಲಿ ಮಾಡೀನಿ. ಮನ್ಯಾಗ ಕಸ ಇಟ್ಕೋಬಾರದಂತ."

ನಾನು ತಿಳಿದದ್ದೆಲ್ಲ ಮಾಡಿ ನೋಡಿದೆ. ಏನೂ ಬರಲಿಲ್ಲ. ಆ ಆ್ಯಪನ್ನು ಬಾಯಿಗೆ ಬಂದಂತೆ ಬೈದೆ. ಚಿಗವ್ವ ತಡೆದಳು. "ಅದಕ್ಯಾಕ ಬೈತೀ? ಎಲ್ಲಾ ಕಡೆ ತಗೀಲೇನು ಅಂತ ಅದು ಕೇಳಿತ್ತು. ನಾನ ಓದದ ಒತ್ತೀನಿ." ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಚಿಗಪ್ಪನಿಗೂ ನನಗೂ ಬಡಿಸಿ, ತಾನು ಉಣ್ಣಲಿಲ್ಲ. ಈ ವರ್ಷ ಪರೀಕ್ಷೆ ಬೇಡ, ಮುಂದಿನ ವರ್ಷ ನೋಡೋಣ ಎಂದಳು. ಓದಿನ ವಿಷಯದಲ್ಲಿ ಅವಳ ಬಾಯಲ್ಲಿ ಬೇಡ ಎನ್ನುವ ಮಾತನ್ನು ನಾನು ಮೊದಲ ಸಲ ಕೇಳಿದ್ದೆ.

ಬೆಳಿಗ್ಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಸದ್ದಿನ ಜೊತೆಗೆ ಏನೋ ಗೊಣಗಾಟವೂ ಕೇಳಿತು. ಅಡುಗೆ ಮನೆಗೆ ಹೋದರೆ, ಚಿಗವ್ವ ಹಿಟ್ಟು ತಟ್ಟುತ್ತಾ ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದಾಳೆ. ನನ್ನನ್ನು ಕಂಡವಳೇ, "ಆ ಪುಸ್ತಕ ತಗೊಂಡು ಬಾ, ಜಲ್ದಿ" ಎಂದಳು. ತಂದು ತೆರೆದೆ. ಮೊದಲ ಪಾಠ ಶುರುಮಾಡಿದಳು ನೋಡಿ! ತಲೆಬರಹ, ಒಳ ತಲೆಬರಹ, ಉದಾಹರಣೆ, ಒಂದೂ ತಪ್ಪಲಿಲ್ಲ. ನಡುವೆ ನಿಲ್ಲಿಸಿ, "ಇಲ್ಲಿ ಹಳದಿ ಬಣ್ಣ ಹಚ್ಚಿದ್ದೆ" ಎಂದೂ ಹೇಳಿದಳು! ಒಂದೊಂದು ಆ್ಯಪು ನಪಾಸಾದಾಗಲೂ ಮತ್ತೆ ಮತ್ತೆ ಬರೆದ ಪಾಠಗಳು ಯಾವ ಬುಟ್ಟಿಗೂ ಹೋಗಿರಲಿಲ್ಲ. ರೊಟ್ಟಿಯ ರಾಶಿ ಏರಿತು, ಪಾಠ ಮುಂದೆ ಹೋಯಿತು. ಚಿಗಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು, "ಇಷ್ಟು ರೊಟ್ಟಿ ಯಾರು ತಿನ್ನಬೇಕು?" ಎಂದ. ಅಂತೂ ಪರೀಕ್ಷೆ ಬರೆಯುವುದು ಖಚಿತವಾಯಿತು.

ಪರೀಕ್ಷೆ ಬಳ್ಳಾರಿಯ ಒಂದು ಕಾಲೇಜಿನಲ್ಲಿ. ಹತ್ತಿ ಮಾರುಕಟ್ಟೆ ತುಂಬಿ ತುಳುಕುವ ಕಾಲ. ಆದರೂ ಚಿಗಪ್ಪ ಅಂಗಡಿಯ ಬಾಗಿಲು ಹಾಕಿ ನಮ್ಮ ಜೊತೆ ಬಸ್ಸು ಹತ್ತಿದ. ಯಾಕೆ ಎಂದರೆ, "ಬಳ್ಳಾರ್ಯಾಗ ಒಂಚೂರು ಕೆಲಸ ಐತಿ" ಎಂದ. ಆ ಕೆಲಸ ಏನೆಂದರೆ, ಕಾಲೇಜಿನ ಬೇವಿನ ಮರದ ಕೆಳಗೆ ಕೂತಿರುವುದು! ಒಬ್ಬ ಹುಡುಗಿ ಬಂದು, "ತಾತಾ, ನಿಮ್ಮದು ಯಾವ ಸಬ್ಜೆಕ್ಟು? ಹಾಲ್ ಟಿಕೆಟ್ ತಂದೀರಿಲ್ಲೋ?" ಎಂದು ಕಾಳಜಿಯಿಂದ ಕೇಳಿದಳು.

ಒಳಗೆ ಹೋಗುವ ಮುನ್ನ ಚಿಗವ್ವ ಫೋನನ್ನೂ ಟ್ಯಾಬನ್ನೂ ನನ್ನ ಕೈಗಿತ್ತು, ಎರಡು ಪೆನ್ನು ತೆಗೆದುಕೊಂಡಳು. ಆ ಪೆನ್ನುಗಳನ್ನು ಕಂಡಾಗಲೇ ನನಗೆ ಅರಿವಾಯಿತು. ವರ್ಷವೆಲ್ಲ ಬೆರಳಲ್ಲಿ ಒತ್ತಿ ಒತ್ತಿ ಬರೆದವಳು. ಪರೀಕ್ಷೆ ಬರೆಯುವುದು ಪೆನ್ನಿನಲ್ಲಿ, ಕಾಗದದ ಮೇಲೆ! ಕಂಪ್ಯೂಟರ್ ಕಲಿಸುವ ನನಗೂ, ಆರಿಸುವುದರಲ್ಲಿ ಗಟ್ಟಿಗಿತ್ತಿಯಾದ ಅವಳಿಗೂ, ಅದು ಒಮ್ಮೆಯೂ ಹೊಳೆದಿರಲಿಲ್ಲ. ಹೇಳುವುದರೊಳಗೆ ಗಂಟೆ ಹೊಡೆಯಿತು.

ಗಂಟೆ ಮತ್ತೆ ಹೊಡೆದು ಹುಡುಗ ಹುಡುಗಿಯರೆಲ್ಲ ಹೊರಗೆ ಬಂದರು. ಎಲ್ಲರಿಗಿಂತ ಕಡೆಗೆ ಚಿಗವ್ವ ಬಂದಳು. ಬಲಗೈಯ ಬೆರಳುಗಳು ಪೆನ್ನು ಹಿಡಿದ ಹಾಗೆಯೇ ಮಡಚಿಕೊಂಡಿದ್ದವು. ಎಡಗೈಯಿಂದ ಅವನ್ನು ಬಿಡಿಸಲು ನೋಡುತ್ತಾ, ಮರದ ಕಟ್ಟೆಯ ಮೇಲೆ ಕೂತಳು.

"ಎಲ್ಲಾ ಗೊತ್ತಿತ್ತು," ಎಂದಳು. "ಎಲ್ಲಾ ಬರದೀನಿ. ಕಡೀದೊಂದು ಅರ್ಧ ಉಳೀತು. ಕೈಯ ಏಳಲಿಲ್ಲ." ಕಣ್ಣು ತುಂಬಿಕೊಂಡಿತು.

ನಮ್ಮ ಚಿಗಪ್ಪ ಬೀದಿಯಲ್ಲಿ ಹೆಂಡತಿಯ ಜೊತೆಗೆ ನಡೆದವನಲ್ಲ, ಯಾವಾಗಲೂ ಮುಂದೆ ಮುಂದೆ ಹೋಗುವವನು. ಮದುವೆ ಮನೆಗಳಲ್ಲಿ ಅವಳ ಪಕ್ಕದ ಕುರ್ಚಿ ಖಾಲಿಯಿದ್ದರೂ ಬೇರೆ ಕಡೆ ಹೋಗಿ ಕೂರುವವನು. ಅವನು ಎದ್ದು ಬಂದ. ಅಷ್ಟು ಜನರ ಎದುರಿಗೆ, ಆ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು, ಅವಳ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತುದಿಯಿಂದ ಬುಡದವರೆಗೆ ಮೆಲ್ಲಗೆ ತಿಕ್ಕತೊಡಗಿದ.

"ಯಾರರ ನೋಡ್ತಾರ, ಬಿಡ್ರಿ," ಎಂದಳು ಚಿಗವ್ವ.

"ನೋಡ್ಲಿ," ಎಂದ ಚಿಗಪ್ಪ, ತಲೆ ಎತ್ತದೆ. "ನಾಳಿನ ಪೇಪರ್ ಬರೀಬೇಕಲ್ಲ ನೀನು."