ಬಾಗಿಲಲ್ಲಿ ನಿಂತು ಆಡುವ ಕನ್ನಡ

ಶಿಸ್ತು ಶಿಸ್ತು ಎಂದು ಹಟ ಹಿಡಿದವನ ಸುತ್ತಲೇ ನಗೆಪಾಟಲಿನ ಸಂಗತಿಗಳು ಹೆಚ್ಚು ನಡೆಯುತ್ತವೆ. ಯಾಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಲಾಸ್ ಏಂಜಲೀಸಿನ ಒಂದು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕಿಕ್ಕಿಂಗ್ ಕೋಚ್. ಮನೆ ಸ್ಯಾನ್ ಡಿಯೇಗೊದ ಯೂನಿವರ್ಸಿಟಿ ಸಿಟಿಯಲ್ಲಿ. ಮನೆಯಿಂದ ನಾನು ಹೇಳಿದ ಹೊತ್ತಿಗೆ ಹೊರಡುತ್ತೇನೆ, ಫ್ರೀವೇ ಮಾತ್ರ ನನ್ನ ಮಾತು ಕೇಳುವುದಿಲ್ಲ. ನಮ್ಮಲ್ಲಿ ಕಾಂಟ್ರಾಕ್ಟು ವರ್ಷ ವರ್ಷಕ್ಕೆ. ಸೀಸನ್ ಕೆಟ್ಟರೆ ಹೆಡ್ ಕೋಚ್ ಮನೆಗೆ, ಅವನ ಬೆನ್ನಿಗೇ ನಾವೆಲ್ಲ ನಮ್ಮ ನಮ್ಮ ಮನೆಗೆ.

ಮಾವನವರ ಪ್ರಶ್ನೆ

ಮೈಸೂರಿನ ಕಾನ್ವೆಂಟ್ ಶಾಲೆಯಲ್ಲಿ ನಾನು ಆಡಿದ್ದು ಪ್ರಪಂಚವೆಲ್ಲ ಆಡುವ ಫುಟ್‌ಬಾಲು. ಎಂ.ಎಸ್. ಓದಲು ಇಲ್ಲಿಗೆ ಬಂದಾಗ ಕಾಲೇಜು ತಂಡದವರು ನಾನು ಚೆಂಡು ಒದೆಯುವುದನ್ನು ನೋಡಿ ಹಿಡಿದುಕೊಂಡು ಹೋದರು. ಕೊನೆಗೆ ಓದಿದ್ದು ಬಿಟ್ಟು ಒದೆಯುವುದೇ ಕಸುಬಾಯಿತು. ಇದನ್ನು ಮಾವನವರಿಗೆ ವಿವರಿಸುವುದು ನನ್ನ ಪಾಲಿನ ಅತ್ಯಂತ ಕಠಿಣ ಕೋಚಿಂಗ್. ಅವರು ಫೋನಿನಲ್ಲಿ ಕೇಳಿದರು:

"ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡ್ತಾರೆ ಅಂತೀರಿ. ಮತ್ತೆ ಕಾಲಲ್ಲಿ ಒದೆಯೋರು ಯಾರು?"

"ಒಬ್ಬ ಇರ್ತಾನೆ ಮಾವ. ಕಿಕ್ಕರ್ ಅಂತ. ಅವನಿಗೇ ನಾನು ಹೇಳಿಕೊಡೋದು."

"ಒಬ್ಬನೇ? ಮಿಕ್ಕ ಹತ್ತು ಜನ ಏನ್ಮಾಡ್ತಾರೆ?"

ನಾನು ನಿಖರವಾಗಿ ಉತ್ತರ ಕೊಡಬೇಕೆಂದು ಸ್ವಲ್ಪ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡತಿ ಫೋನಿಗೆ ಬಾಯಿಟ್ಟು ಹೇಳಿದಳು: "ಒದೆಯೋನು ಒಬ್ಬನೇ ಅಪ್ಪ. ಮಿಕ್ಕೋರು ಒದೆ ತಿನ್ನೋರು."

ಖಾಲಿ ಸ್ಟೇಡಿಯಂ

ಎರಡು ಸಾವಿರದ ಇಪ್ಪತ್ತರಲ್ಲಿ ಪ್ರೇಕ್ಷಕರಿಲ್ಲದೆ ಆಡಿದೆವು. ಸ್ಪೀಕರಿನಲ್ಲಿ ಜನರ ಗದ್ದಲ ಹಾಕುತ್ತಿದ್ದರು, ಆದರೂ ಮೈದಾನದ ಅಂಚಿನಲ್ಲಿ ಯಾರು ಕೆಮ್ಮಿದರೂ ಎದುರಾಳಿಗೆ ಕೇಳುತ್ತಿತ್ತು. ನನಗೆ ಕೆಟ್ಟ ಮಾತು ಆಡಿ ಅಭ್ಯಾಸವಿಲ್ಲ. ಹುಡುಗರನ್ನೂ ಆಡಗೊಡುವುದಿಲ್ಲ. ಆದರೆ ಒಂದು ದಿನ ನಮ್ಮ ಕಿಕ್ಕರ್ ಎಡಕ್ಕೆ ಒದೆ ಎಂದರೆ ಬಲಕ್ಕೆ ಒದ್ದ. ಮಾಸ್ಕಿನೊಳಗಿಂದಲೇ ಚೀರಿದೆ: "ಎಡ ಅಂದ್ರೆ ಎಡ ಕಣೋ! ತಲೆ ಇದೆಯೇನೋ ನಿಂಗೆ?"

ಸ್ಟೇಡಿಯಂ ಪೂರ್ತಿ ಅದು ಮೊಳಗಿತು. ಎದುರಾಳಿ ತಂಡದ ಕೋಚ್ ಆಟ ಮುಗಿದ ಮೇಲೆ ನಮ್ಮ ಹೆಡ್ ಕೋಚನ್ನು ಕೇಳಿದನಂತೆ, "ನಿಮ್ಮವನು ಪ್ರಾರ್ಥನೆ ಮಾಡ್ತಾನಲ್ಲ, ಯಾವ ಭಾಷೆ?"

ಹೆಡ್ ಕೋಚ್ ಟೆಕ್ಸಸ್ಸಿನ ಕಡೆಯವನು, ಕಡಿಮೆ ಮಾತಿನ ಮನುಷ್ಯ. ನನ್ನನ್ನು ಕರೆದು ಹೇಳಿದ: "ನಿನ್ನ ಬೈಗುಳ ಯಾರಿಗೂ ಅರ್ಥ ಆಗಲ್ಲ. ಸೋಮವಾರದಿಂದ ನಮ್ಮ ಗುಟ್ಟಿನ ಸಂಕೇತಗಳೆಲ್ಲ ಅದೇ ಭಾಷೇಲಿರಲಿ."

ಬಾಲ

ಚೆಂಡನ್ನು ಎಡಬದಿಗೆ ಒದೆಯುವುದಾದರೆ 'ಎಡ', ಬಲಬದಿಗಾದರೆ 'ಬಲ', ಒದೆಯುವುದೇ ಬೇಡವೆಂದರೆ 'ಬೇಡ'. ಇದಕ್ಕಿಂತ ಸುಲಭ ಪಾಠ ಇನ್ನೊಂದಿಲ್ಲ ಎಂದುಕೊಂಡಿದ್ದೆ. ಮೊದಲ ಮ್ಯಾಚು ಮುಗಿದ ತಕ್ಷಣ ನಮ್ಮೂರಿನದೇ ಇನ್ನೊಂದು ಬಡಾವಣೆ ಫೋರ್ ಎಸ್ ರ್ಯಾಂಚಿನಿಂದ ಫೋನು ಬಂತು. ನನ್ನ ಗೆಳೆಯನ ಹೆಂಡತಿ, ಧಾರವಾಡದವರು.

"ಅಣ್ಣಾರ, ಟೀವ್ಯಾಗ ನೋಡಿದ್ವಿ. ಅಷ್ಟು ದೊಡ್ಡ ದೊಡ್ಡ ಗಂಡಸ್ರು ಸಾಲಾಗಿ ನಿಂತು 'ಬಾಲ, ಬಾಲ' ಅಂತ ಯಾಕ ಒದರಾಕತ್ತಾರ್ರೀ?"

ಉಚ್ಚಾರಣೆಯಲ್ಲಿ ರಾಜಿ ನನ್ನಿಂದಾಗದು. ಮರುದಿನದಿಂದ ಪ್ರಾಕ್ಟೀಸಿಗೆ ಮೊದಲು ಹ್ರಸ್ವ, ದೀರ್ಘ ತಿದ್ದಿಸಿದೆ. "ಬ-ಲ. ಬಾ ಅಲ್ಲ, ಬ." ಬಾಗಿಲಲ್ಲಿ ಹಿಡಿಸದಷ್ಟು ಭುಜವಿದ್ದ ಒಬ್ಬ ಆಟಗಾರ ಕಣ್ಣು ಮುಚ್ಚಿ ಜಪ ಮಾಡುವವನ ಹಾಗೆ ಕಲಿತ. ಆ ಭಾನುವಾರ ನಾವು ಹೀನಾಯವಾಗಿ ಸೋತು ಬಂದೆವು. ಧಾರವಾಡದವರು ಮತ್ತೆ ಫೋನು ಮಾಡಿ ಸಮಾಧಾನ ಹೇಳಿದರು:

"ಹೋಗ್ಲಿ ಬಿಡ್ರಿ ಅಣ್ಣಾರ. ಈ ಸಲ ಬಾಲ ಬಾಯಾಗ ಇರ್ಲಿಲ್ಲ, ಎರಡು ಕಾಲಿನ ನಡುವ ಇತ್ತು."

ಟಾಟಾ

ಕೋವಿಡ್ ಕಳೆದು ಜನ ಮತ್ತೆ ಸ್ಟೇಡಿಯಮ್ಮಿಗೆ ಬರತೊಡಗಿದರು. ಸಂಕೇತಗಳು ಮಾತ್ರ ಕನ್ನಡದಲ್ಲೇ ಉಳಿದವು. ಒಂದು ಸಂಜೆ ಅದೇ ಧಾರವಾಡದವರು ಊಟಕ್ಕೆ ಕರೆದರು. ಒಂಟಿಯಾಗಿದ್ದ ನಮ್ಮ ಕಿಕ್ಕರನನ್ನೂ ಕರೆದುಕೊಂಡು ಹೋದೆ. ಅವರ ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಆಗಷ್ಟೇ ಇನ್ನೊಂದು ಊರಿನ ಫುಟ್‌ಬಾಲ್ ತಂಡದಲ್ಲಿ ಕೆಲಸ ಸಿಕ್ಕಿತ್ತು, ಎದುರಾಳಿಗಳ ಆಟವನ್ನು ವಿಡಿಯೋದಲ್ಲಿ ನೋಡಿ ಅವರ ಗುಟ್ಟು ಬಿಡಿಸುವ ಕೆಲಸ. ನಾನು ಊಟಕ್ಕೆ ಕೂರುವ ಮೊದಲೇ ನಿಯಮ ಹೇಳಿಬಿಟ್ಟೆ: "ನಿನ್ನ ಕೆಲಸದ ವಿಷಯ ನಾನು ಕೇಳಲ್ಲ, ನನ್ನದು ನೀನು ಕೇಳಬಾರದು."

"ಓಕೆ ಅಂಕಲ್," ಎಂದವಳೇ ತಟ್ಟೆ ತೆಗೆದುಕೊಂಡು ಮಹಡಿ ಹತ್ತಿದಳು. ಮತ್ತೆ ಇಳಿಯಲಿಲ್ಲ.

ಊಟವಾಯಿತು. ಬಂದಿದ್ದವರೆಲ್ಲ ಎದ್ದು "ಬರ್ತೀವಿ, ಬರ್ತೀವಿ" ಎಂದರು. ಚಪ್ಪಲಿ ಮೆಟ್ಟಿಕೊಂಡರು. ಬಾಗಿಲಲ್ಲಿ ನಿಂತರು. ಮನೆಯ ಇಂಟರೆಸ್ಟ್ ರೇಟು, ಮಂಡಿನೋವು, ಒಬ್ಬರ ವೀಸಾ, ಇನ್ನೊಬ್ಬರ ಸೊಸೆ, ಎಲ್ಲ ಅಲ್ಲೇ ಶುರುವಾಯಿತು.

ಕಿಕ್ಕರ್ ಕಿವಿಯಲ್ಲಿ ಕೇಳಿದ: "ಕೋಚ್, ಬರ್ತೀವಿ ಅಂದ್ರೇನು?"

"ನಾವು ಬರುತ್ತೇವೆ ಅಂತ."

"ಆದರೆ ಅವರು ಹೋಗ್ತಿದ್ದಾರಲ್ಲ?"

"ಹೌದು. ಹೋಗುವಾಗ ಹೋಗ್ತೀವಿ ಅನ್ನಬಾರದು. ಬರ್ತೀವಿ ಅನ್ನಬೇಕು."

ಅವನು ಮತ್ತಷ್ಟು ಹೊತ್ತು ಬಾಗಿಲನ್ನೇ ನೋಡಿದ. "ಆದರೆ ಅವರು ಹೋಗ್ತಾನೂ ಇಲ್ಲವಲ್ಲ ಕೋಚ್!" ಆಮೇಲೆ ಅವನ ಮುಖ ಅರಳಿತು. "ಹೇಳೋದೊಂದು, ತೋರಿಸೋದೊಂದು, ಮಾಡೋದೊಂದು. ಇದು ನಮ್ಮ ಸುಳ್ಳು ಕಿಕ್ಕೇ ಅಲ್ವಾ?"

ಸುಳ್ಳು ಕಿಕ್ ಎಂದರೆ ಒದೆಯುವ ಹಾಗೆ ನಟಿಸಿ, ಚೆಂಡನ್ನು ಒದೆಯದೆ ಎತ್ತಿಕೊಂಡು ಓಡುವುದು. ಅದಕ್ಕೆ ಅವತ್ತೇ 'ಬರ್ತೀನಿ' ಎಂದು ಹೆಸರಿಟ್ಟೆವು. ಒಂದು ಮ್ಯಾಚಿನಲ್ಲೂ ಬಳಸದೆ ಜೋಪಾನವಾಗಿ ಇಟ್ಟುಕೊಂಡೆವು.

ಕೊನೆಯ ಮ್ಯಾಚು

ಆ ಸೀಸನ್ನಿನ ಕೊನೆಯ ಆಟ, ನಮ್ಮದೇ ಮೈದಾನದಲ್ಲಿ. ಹಿಂದಿನ ದಿನ ಹೆಡ್ ಕೋಚ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಸೋತರೆ ನಾಳೆ ನಿನ್ನ ಡೆಸ್ಕೂ ಖಾಲಿ ಮಾಡು, ನನ್ನದೂ ಖಾಲಿ ಮಾಡು, ನಂಗೆ ಪ್ಯಾಕಿಂಗ್ ಬರಲ್ಲ," ಎಂದಿದ್ದ.

ಶುರುವಿನಿಂದಲೇ ಏನೋ ಎಡವಟ್ಟು. ನಾವು 'ಎಡ' ಎಂದರೆ ಅವರ ಆಟಗಾರರು ಮೊದಲೇ ಎಡಕ್ಕೆ ಹೋಗಿ ಕಾಯುತ್ತಿದ್ದರು. 'ಬಲ' ಎಂದರೆ ಬಲಕ್ಕೆ. ಆಚೆ ಬದಿಗೆ ಕಣ್ಣು ಹಾಯಿಸಿದೆ. ಹೆಡ್‌ಸೆಟ್ ಹಾಕಿಕೊಂಡು ಅವರ ಕೋಚ್ ಪಕ್ಕದಲ್ಲಿ ನಿಂತಿದ್ದವಳು ಧಾರವಾಡದವರ ಮಗಳು. ನನ್ನನ್ನು ನೋಡಿ ವಿನಯದಿಂದ ಕೈ ಬೀಸಿದಳು.

ಕೊನೆಯ ಕೆಲವು ಸೆಕೆಂಡು. ನಾವು ಎರಡು ಪಾಯಿಂಟ್ ಹಿಂದೆ. ಕಂಬಗಳ ನಡುವೆ ಒದ್ದರೆ ಮೂರು ಪಾಯಿಂಟ್, ಗೆಲುವು. ಆದರೆ ಹಿಂದಿನ ಸರದಿಯಲ್ಲಿ ನಮ್ಮ ಕಿಕ್ಕರನ ಪಾದ ಮಡಚಿ ಊದಿಕೊಂಡಿತ್ತು. ಅದು ನಮಗೆ ಮಾತ್ರ ಗೊತ್ತು. ಹೆಡ್ ಕೋಚ್ ನನ್ನ ಕಡೆ ನೋಡಿದ. ಉಳಿದಿದ್ದು ಒಂದೇ ದಾರಿ. ಆದರೆ ಅವಳಿಗೆ ಕನ್ನಡ ಬರುತ್ತದೆ. ಬೇರೆ ಪದ ಕಲಿಸಲು ಹೊತ್ತಿಲ್ಲ.

ಕಣ್ಣು ಮುಚ್ಚಿ ಕೂಗಿದೆ: "ಬರ್ತೀನಿ!"

ನಮ್ಮವರು ಒದೆಯುವಾಗ ನಮ್ಮ ಜನ ಸದ್ದು ಮಾಡುವುದಿಲ್ಲ, ಹಾಗಾಗಿ ಮೈದಾನದಾಚೆಯಿಂದ ಅವಳ ದನಿ ಸ್ಪಷ್ಟವಾಗಿ ಕೇಳಿತು. "ಹಿ ಸೇಸ್ ಹಿ ಈಸ್ ಕಮಿಂಗ್! ದ ಕಿಕ್ಕರ್ ಈಸ್ ಕಮಿಂಗ್!" ಅವರ ಹನ್ನೊಂದು ಜನವೂ ಕಿಕ್ಕನ್ನು ತಡೆಯಲು ಕೈಯೆತ್ತಿ ನಡುವಿಗೆ ನುಗ್ಗಿದರು. ಕಿಕ್ಕರನಿಗೆಂದು ಚೆಂಡನ್ನು ನೆಲಕ್ಕೆ ಹಿಡಿದು ಕೂತಿದ್ದ ನಮ್ಮ ಹುಡುಗ ಅದನ್ನು ಕಂಕುಳಲ್ಲಿಟ್ಟುಕೊಂಡು ಅಂಚಿನಗುಂಟ ಓಡಿದ. ಅವನ ಹತ್ತಿರಕ್ಕೂ ಯಾರೂ ಸುಳಿಯಲಿಲ್ಲ. ಕೊನೆಯ ಗೆರೆ ದಾಟಿದ, ಆರು ಪಾಯಿಂಟ್, ಗೆದ್ದೆವು. ಹೆಡ್ ಕೋಚ್ ನನ್ನನ್ನು ಅಪ್ಪಿಕೊಂಡು, "ಡೆಸ್ಕ್ ಹಾಗೇ ಇರಲಿ," ಎಂದ.

ಹೊರಗೆ ಬರುವ ದಾರಿಯಲ್ಲಿ ತಾಯಿ, ಮಗಳು ಇಬ್ಬರೂ ಸಿಕ್ಕರು. ಮಗಳ ಮುಖ ಕೆಂಪಾಗಿತ್ತು.

"ಅಂಕಲ್, ದಟ್ ವಾಸ್ ಚೀಟಿಂಗ್! ಬರ್ತೀನಿ ಮೀನ್ಸ್ ಐ ಆಮ್ ಕಮಿಂಗ್. ದಟ್ಸ್ ವಾಟ್ ದೇ ಟಾಟ್ ಅಸ್ ಇನ್ ಕನ್ನಡ ಕ್ಲಾಸ್!"

"ನಾನು ಸುಳ್ಳು ಹೇಳುವವನಲ್ಲಮ್ಮ," ಎಂದೆ ಗಂಭೀರವಾಗಿ.

ಅವಳು ಕೋಪದಿಂದ ಬ್ಯಾಗು ಹೆಗಲಿಗೇರಿಸಿದಳು. ಜೀವನದಲ್ಲಿ ಮೊದಲ ಸಲ ನನಗೆ ಕನ್ನಡದಲ್ಲಿ ಉತ್ತರ ಕೊಟ್ಟಳು: "ನಾನು ಹೋಗ್ತೀನಿ!"

ತಾಯಿ ಥಟ್ಟನೆ ಅವಳ ತೋಳು ಹಿಡಿದರು. "ಏ ಹುಡುಗಿ! ಹಿರಿಯಾರ ಮುಂದ ಹೋಗ್ತೀನಿ ಅನಬಾರ್ದು. ಹೋಗೋವಾಗ ಬರ್ತೀನಿ ಅನಬೇಕು."

ಮಗಳು ತಾಯಿಯ ಕಡೆ ತಿರುಗಿದಳು. ಬ್ಯಾಗು ಹೆಗಲಿಂದ ಜಾರಿ ಕೆಳಗೆ ಬಿತ್ತು.

"ಮಾಮ್... ಇದನ್ನ ನಂಗೆ ಈಗ ಹೇಳ್ತಿದ್ದೀಯಾ?"